ನಿಮ್ಮ ತಾಲೂಕಿನ ಆ ಒಂದು ದಿನ ಯಾವುದು? ಪಠ್ಯಪುಸ್ತಕದಲ್ಲಿ ಜಾಗ ಸಿಗದ ಘಟನೆಗಳ ಬಗ್ಗೆ ಬರೆಯಿರಿ

ಸಾಗರದ ಕಡೆಯವ

ಕರ್ನಾಟಕದ ಇತಿಹಾಸ ಅಂದ ತಕ್ಷಣ ಹಂಪಿ, ಕಿತ್ತೂರು, ಶ್ರೀರಂಗಪಟ್ಟಣ ನೆನಪಾಗುತ್ತವೆ. ಅವು ಬೇಡ ಅನ್ನುತ್ತಿಲ್ಲ. ಆದರೆ ಒಂದು ಹಳ್ಳಿಯಲ್ಲೋ ತಾಲೂಕು ಕಚೇರಿಯ ಎದುರಿಗೋ ನಡೆದು, ಆಮೇಲೆ ಇಡೀ ರಾಜ್ಯವನ್ನೇ ಅಲುಗಾಡಿಸಿದ ದಿನಗಳು ಎಷ್ಟೋ ಇವೆ. ಅವುಗಳನ್ನು ಒಂದೇ ಕಡೆ ಬರೆಯೋಣ. ತಾರೀಕು, ಜಾಗ, ಯಾಕೆ ನಡೆಯಿತು, ಆಮೇಲೆ ಏನಾಯಿತು, ಇಷ್ಟಿದ್ದರೆ ಸಾಕು. ಸುಮ್ನೆ "ನಮ್ಮದು ವೀರಭೂಮಿ" ಅಂತ ಒಂದು ಸಾಲು ಹಾಕಿ ಹೋಗಬೇಡಿ.

ನಾನೇ ಶುರು ಮಾಡುತ್ತೇನೆ. 1951ರ ಏಪ್ರಿಲ್ 18, ಕಾಗೋಡು, ಸಾಗರ ತಾಲೂಕು.

ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ಆಗುತ್ತಾ ಬಂದಿತ್ತು. ನಮ್ಮ ಕಡೆ ಗದ್ದೆ ಉಳುವವರೇ ಬೇರೆ, ಗದ್ದೆಯ ಒಡೆಯರೇ ಬೇರೆ. ಉಳುವವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿ ಕೊಡುವುದು ಭತ್ತದಲ್ಲಿ, ಭತ್ತ ಅಳೆಯುವುದು ಕೊಳಗದಲ್ಲಿ. ಜಗಳ ಹೊತ್ತಿಕೊಂಡಿದ್ದೇ ಈ ಕೊಳಗದಿಂದ. ಒಡೆಯರ ಮನೆಯ ಕೊಳಗ ಸರಿಯಾದ ಅಳತೆಗಿಂತ ದೊಡ್ಡದು. ಒಂದು ಕೊಳಗಕ್ಕೆ ನಾಲ್ಕು ಹಿಡಿ ಜಾಸ್ತಿ ಹೋದರೆ ಏನು ಮಹಾ ಅಂತ ಅನಿಸಬಹುದು. 20 ಕೊಳಗ ಸೇರಿದರೆ ಒಂದು ಖಂಡುಗ. ಹತ್ತಿಪ್ಪತ್ತು ಖಂಡುಗ ಗೇಣಿ ಅಳೆಯುವ ಹೊತ್ತಿಗೆ, ಮಳೆಗಾಲಕ್ಕೆ ಅಂತ ಮನೆಯವರು ಲೆಕ್ಕ ಹಾಕಿಟ್ಟ ಭತ್ತವೂ ಕಣದಿಂದಲೇ ಗಾಡಿ ಹತ್ತುತ್ತಿತ್ತು. ಅದೂ ವರ್ಷ ವರ್ಷ. ಅದರ ಮೇಲೆ ಒಡೆಯರ ಮನೆಯ ಬಿಟ್ಟಿ ಕೆಲಸ ಬೇರೆ.

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸೇರಿಸಿ ರೈತ ಸಂಘ ಕಟ್ಟಿದರು. ಸರಿಯಾದ ಕೊಳಗದಲ್ಲಿ ಅಳೆಯಿರಿ, ರಸೀತಿ ಕೊಡಿ ಅಂತ ಕೇಳಿದರು. ಕೇಳಿದವರನ್ನು ಗದ್ದೆಯಿಂದಲೇ ಬಿಡಿಸಿದರು. ಆಗ ಜನ ಮಾಡಿದ್ದು ಇಷ್ಟೇ: ನೇಗಿಲು ಹೊತ್ತುಕೊಂಡು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಒಂದು ತಂಡವನ್ನು ಪೊಲೀಸರು ಹಿಡಿದುಕೊಂಡು ಹೋದರೆ ಇನ್ನೊಂದು ತಂಡ ಇಳಿಯಿತು. ಹೆಂಗಸರೂ ಇಳಿದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಜೊತೆಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದರು, ಸಾಗರದ ರೈಲ್ವೆ ಸ್ಟೇಷನ್‌ನಲ್ಲಿ ಅವರನ್ನೂ ಬಂಧಿಸಿದರು. ಒಂದು ಹಳ್ಳಿಯ ಅಳತೆ ಪಾತ್ರೆಯ ಜಗಳ ದೇಶದ ಪತ್ರಿಕೆಗಳಿಗೆ ಸುದ್ದಿಯಾಯಿತು.

ಮರುವರ್ಷ, 1952ರ ಚುನಾವಣೆಯಲ್ಲಿ ಗೋಪಾಲಗೌಡರು ಇದೇ ಸೀಮೆಯಿಂದ ಗೆದ್ದು ವಿಧಾನಸಭೆಗೆ ಹೋದರು. ಗೇಣಿದಾರರ ಮಾತು ಅಲ್ಲಿಗೂ ಹೋಯಿತು. ಉಳುವವರನ್ನೇ ಒಡೆಯರನ್ನಾಗಿ ಮಾಡಿದ ದೇವರಾಜ ಅರಸು ಕಾಲದ ಭೂಸುಧಾರಣೆ ಜಾರಿಗೆ ಬಂದಿದ್ದು 1974ರ ಮಾರ್ಚ್ 1ರಿಂದ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು, ಅದನ್ನು ನೋಡಲು ಅವರಿರಲಿಲ್ಲ. ನನ್ನ ಮಟ್ಟಿಗೆ ಮಲೆನಾಡಿನಲ್ಲಿ ಸ್ವಾತಂತ್ರ್ಯ ಬಂದಿದ್ದು ಎರಡು ಸಲ. ಎರಡನೆಯದು ಕಾಗೋಡಿನಿಂದ ಹೊರಟಿದ್ದು.

ಶಿಕಾರಿಪುರ ಸೀಮೆ

ಸಾಗರದ ಅಣ್ಣ ಕಾಗೋಡು ಹೇಳಿದ ಮೇಲೆ ನಾನು ಈಸೂರು ಹೇಳಲೇಬೇಕು. ಎರಡೂ ಶಿವಮೊಗ್ಗ ಜಿಲ್ಲೆಯವೇ.

1942, ಕ್ವಿಟ್ ಇಂಡಿಯಾ ಚಳವಳಿ. ಆಗ ನಾವಿದ್ದಿದ್ದು ಮೈಸೂರು ಸಂಸ್ಥಾನದಲ್ಲಿ. ಈಸೂರಿನವರು ಕಂದಾಯ ಕೊಡುವುದಿಲ್ಲ ಅಂದರು. ವೀರಭದ್ರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಹಾರಿಸಿದರು. ಸರ್ಕಾರಿ ಅಧಿಕಾರಿಗಳಿಗೆ ಊರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಹಾಕಿದರು. ತಮ್ಮದೇ ಸರ್ಕಾರ ಅಂತ ಘೋಷಿಸಿ ಊರಿನ ಚಿಕ್ಕ ಹುಡುಗರಿಬ್ಬರಲ್ಲಿ ಒಬ್ಬನನ್ನು ಅಮಲ್ದಾರ (ಈಗಿನ ತಹಶೀಲ್ದಾರ್), ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರ್ ಮಾಡಿದರು. ಚಿಕ್ಕವರಾದರೆ ಪೊಲೀಸರು ಜೈಲಿಗೆ ಹಾಕಲಾರರು ಅನ್ನುವ ಲೆಕ್ಕ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಇಂದಿಗೂ ನಮ್ಮ ಕಡೆ ಎಲ್ಲರ ಬಾಯಲ್ಲಿದೆ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರ್ ಪೊಲೀಸರ ಜೊತೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಅಂತ ಊರಿನವರು ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು, ಗುಂಡು ಹಾರಿತು, ಜನ ತಿರುಗಿಬಿದ್ದರು. ಇಬ್ಬರೂ ಅಧಿಕಾರಿಗಳು ಅಲ್ಲೇ ಸತ್ತರು. ಆಮೇಲೆ ಸೈನ್ಯ ಊರಿಗೆ ನುಗ್ಗಿತು. ಮನೆಗಳು ಲೂಟಿಯಾದವು. ಜನ ಮಕ್ಕಳು ಮರಿ ಕಟ್ಟಿಕೊಂಡು ಕಾಡು ಸೇರಿದರು.

1943ರ ಮಾರ್ಚ್‌ನಲ್ಲಿ ಐದು ಜನರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. ಹೆಂಗಸರಿಗೂ ಜೀವಾವಧಿ ಶಿಕ್ಷೆ ಆಯಿತು. ಆ ಜೈಲು ಇದ್ದ ಜಾಗವೇ ಈಗಿನ ಫ್ರೀಡಂ ಪಾರ್ಕ್. ಅಲ್ಲಿ ಧರಣಿಗೆ ಹೋಗುವವರಲ್ಲಿ ಎಷ್ಟು ಜನಕ್ಕೆ ಈ ಐದು ಹೆಸರು ಗೊತ್ತಿದೆ?

ಇತಿಹಾಸ ಟೀಚರ್

ಒಳ್ಳೆಯ ಚರ್ಚೆ. ಈಸೂರಿನ ಬಗ್ಗೆ ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ.

ಸತ್ತ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಕನ್ನಡದವರೇ, ಸಂಸ್ಥಾನದ ನೌಕರರು. ಬ್ರಿಟಿಷರಲ್ಲ. ಐದು ಜನರನ್ನು ಗಲ್ಲಿಗೇರಿಸಿದ್ದೂ ನಮ್ಮ ಮಹಾರಾಜರ ಸರ್ಕಾರ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳು ಬೆರಗಾಗುತ್ತಾರೆ. ಮೈಸೂರು ಅಂದರೆ ಅವರಿಗೆ ಕನ್ನಂಬಾಡಿ ಕಟ್ಟೆ, ದಸರಾ, ವಿಶ್ವೇಶ್ವರಯ್ಯ. ಅದೇ ಸಂಸ್ಥಾನದ ಪೊಲೀಸರು ಧ್ವಜ ಹಾರಿಸಿದವರ ಮೇಲೆ ಗುಂಡು ಹಾರಿಸಿದ್ದರು ಅನ್ನುವುದೂ ಅಷ್ಟೇ ನಿಜ. ನಾವು ಎರಡನ್ನೂ ಕಲಿಸಬೇಕು.

ವಿದುರಾಶ್ವತ್ಥವನ್ನೇ ನೋಡಿ. ಗೌರಿಬಿದನೂರು ತಾಲೂಕು, 1938ರ ಏಪ್ರಿಲ್ 25. ಅದಕ್ಕೆ ಎರಡು ವಾರ ಮುಂಚೆ ಮದ್ದೂರಿನ ಹತ್ತಿರ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರು ಧ್ವಜ ಹಾರಿಸಿ ಬಂಧನವಾಗಿತ್ತು. ಅದರ ಕಾವು ಎಲ್ಲಾ ಕಡೆ ಹರಡಿತ್ತು. ವಿದುರಾಶ್ವತ್ಥದಲ್ಲಿ ಜಾತ್ರೆಯ ಸಮಯ, ಸಾವಿರಾರು ಜನ ಸೇರಿದ್ದರು. ಅಶ್ವತ್ಥ ಮರ, ಸುತ್ತ ನಾಗರಕಲ್ಲುಗಳು. ನಿಷೇಧಾಜ್ಞೆ ಇದ್ದರೂ ಸಭೆ ನಡೆಯಿತು, ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಅಂತ ಸರ್ಕಾರದ ಲೆಕ್ಕ. ಊರಿನವರ ಲೆಕ್ಕದಲ್ಲಿ 30ಕ್ಕೂ ಹೆಚ್ಚು. ಇದಾದ ಮೇಲೆ ಗಾಂಧೀಜಿ ಕಳಿಸಿದ ವಲ್ಲಭಭಾಯಿ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಸಂಸ್ಥಾನದ ಧ್ವಜದ ಜೊತೆಯಲ್ಲಿ ರಾಷ್ಟ್ರಧ್ವಜವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು.

ಅಷ್ಟು ಜನ ಸತ್ತ ಮೇಲೆ ಸಿಕ್ಕಿದ್ದು ಒಂದು ಬಾವುಟಕ್ಕೆ ಅನುಮತಿ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ಶಿಕಾರಿಪುರ ಸೀಮೆ

ಮೇಡಂ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆ ಇಬ್ಬರಿಗೂ ಮನೆ ಮಠ ಇತ್ತು. ಆದರೆ ಕೊಲೆಗೆ ಶಿಕ್ಷೆ ಕೊಡುವುದು ಬೇರೆ, ಇಡೀ ಊರನ್ನು ಲೂಟಿ ಮಾಡುವುದು ಬೇರೆ. ಕಾಡಿಗೆ ಓಡಿದ ಮುದುಕರು, ಬಾಣಂತಿಯರು ಯಾರನ್ನು ಕೊಂದಿದ್ದರು? ಈಸೂರನ್ನು ನೆನೆಯುವಾಗ ನಾನು ಕೊಲೆಯನ್ನು ಹೊಗಳುತ್ತಿಲ್ಲ. ಅಷ್ಟು ಚಿಕ್ಕ ಊರು ಕೆಲವು ದಿನವಾದರೂ ತಾನೇ ಆಳಿಕೊಳ್ಳುತ್ತೇನೆ ಅಂದಿತಲ್ಲ, ಅದು ದೊಡ್ಡದು ಅನ್ನುತ್ತಿದ್ದೇನೆ.

ಇತಿಹಾಸ ಟೀಚರ್

ಅಲ್ಲಿ ನನಗೂ ನಿಮಗೂ ಭೇದವಿಲ್ಲ ಸರ್.

ಮಲಪ್ರಭಾ ದಂಡೆ

ನರಗುಂದದ ಹೆಸರು ಬರಲೇ ಇಲ್ಲವಲ್ಲ. ನಮ್ಮ ಊರಿಗೆ ಎರಡು ದಿನ ಇವೆ. 122 ವರ್ಷದ ಅಂತರ.

ಮೊದಲನೆಯದು 1858ರ ಮೇ. ದತ್ತು ಮಗನಿಗೆ ಪಟ್ಟ ಇಲ್ಲ, ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಹಟ ಹಿಡಿದಾಗ ನರಗುಂದದ ಬಾಬಾಸಾಹೇಬ ಭಾವೆ ತಿರುಗಿಬಿದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ತಂಗಿದ್ದಾಗ ಅವನ ತಲೆ ತೆಗೆಸಿದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಇದು ಹೇಗೋ ಪುಸ್ತಕದಲ್ಲಿ ಬರುತ್ತದೆ.

ಎರಡನೆಯದು 1980ರ ಜುಲೈ 21. ಇದೇ ನನಗೆ ಮುಖ್ಯ.

ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಡ್ಯಾಂ ಕಟ್ಟಿದರು. ಕಾಲುವೆ ಬರುತ್ತದೆ, ಬಂಗಾರ ಬೆಳೆಯುತ್ತೀರಿ ಅಂದರು. ನಮ್ಮದು ಎರೆಭೂಮಿ. ಮಳೆ ನಂಬಿ ಜೋಳ, ಹತ್ತಿ, ಕಡಲೆ ಬೆಳೆಯುವ ನೆಲ. ಕೆಲವರ ಹೊಲಕ್ಕೆ ನೀರು ಬಂತು, ಕೆಲವರ ಹೊಲಕ್ಕೆ ಬರಲೇ ಇಲ್ಲ. ಕೆಲವು ಕಡೆ ನೀರು ನಿಂತು ನೆಲ ಸವಳು ಹಿಡಿಯಿತು. ಆದರೆ ಅಭಿವೃದ್ಧಿ ಕರದ ನೋಟಿಸು ಮಾತ್ರ ತಪ್ಪಲಿಲ್ಲ. ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಅದಕ್ಕೆ ಕರ ಕಟ್ಟಿ ಅನ್ನುವುದು ಸರ್ಕಾರದ ವಾದ. ಅದರ ಜೊತೆಗೆ ನೀರಿನ ಕರ. ಅದೇ ಹೊತ್ತಿಗೆ ವರಲಕ್ಷ್ಮಿ ಹತ್ತಿಯ ರೇಟು ಬಿದ್ದುಹೋಗಿತ್ತು. ಸಾಲ ಮಾಡಿ ಬೀಜ ಗೊಬ್ಬರ ಹಾಕಿದವರು ಕೈ ಖಾಲಿ ಮಾಡಿಕೊಂಡು ಕೂತಿದ್ದರು.

ರೈತರು ಸಮನ್ವಯ ಸಮಿತಿ ಮಾಡಿಕೊಂಡು ತಿಂಗಳುಗಟ್ಟಲೆ ಮನವಿ ಕೊಟ್ಟರು, ಉಪವಾಸ ಕೂತರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಿನ ನರಗುಂದ, ನವಲಗುಂದ ಬಂದ್. ತಹಶೀಲ್ದಾರ್ ಕಚೇರಿ ಎದುರು ಜನ ಅಡ್ಡ ಮಲಗಿದ್ದರು. ಗಲಾಟೆ ಆಯಿತು, ಗೋಲಿಬಾರ್ ಆಯಿತು. ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ, ನವಲಗುಂದ ತಾಲೂಕು ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಟೀಚರ್ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ, ಅವರೂ ಯಾರದೋ ಮನೆಯ ಮಕ್ಕಳೇ.

ಅಲ್ಲಿಂದ ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎಂ.ಡಿ. ನಂಜುಂಡಸ್ವಾಮಿ, ಹಸಿರು ಶಾಲು, ಎಲ್ಲಾ ಇದರ ನಂತರದ್ದು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿದ್ದು ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅದಕ್ಕೆ ಗೋಕಾಕ್ ಚಳವಳಿಯೂ ಕಾರಣ ಅಂತಾರೆ. ಇರಬಹುದು. ಆದರೆ ಮೊದಲ ಪೆಟ್ಟು ಬಿದ್ದಿದ್ದು ನರಗುಂದದ ತಹಶೀಲ್ದಾರ್ ಕಚೇರಿ ಎದುರಿಗೆ.

ಪ್ರತಿ ವರ್ಷ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ರೈತರು ಬರುತ್ತಾರೆ. ರಾಜಕಾರಣಿಗಳೂ ಬಂದು ಹಾರ ಹಾಕುತ್ತಾರೆ. ಮಹದಾಯಿ ನೀರಿಗಾಗಿ 2015ರಲ್ಲಿ ಮತ್ತೆ ಧರಣಿ ಕೂತಿದ್ದೂ ಇದೇ ಊರು.

ಬೆಂಗಳೂರಲ್ಲಿ ಕೂತ ಗದಗಿನವ

ಮೇಲಿನ ಪೋಸ್ಟಿಗೆ ನೂರು ನಮಸ್ಕಾರ. ನಮ್ಮಪ್ಪ ಆ ವರ್ಷದ ಹತ್ತಿ ರೇಟಿನ ಬಗ್ಗೆ ಸಾಯುವ ತನಕ ಮಾತಾಡುತ್ತಿದ್ದರು.

ಗಣಿನಾಡು

ಬಳ್ಳಾರಿ ಕಡೆಯಿಂದ ಒಂದು. 1953ರ ಅಕ್ಟೋಬರ್ 1.

ನವೆಂಬರ್ 1 ಎಲ್ಲರಿಗೂ ಗೊತ್ತು. ಆದರೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು ಏಕೀಕರಣಕ್ಕೆ ಮೂರು ವರ್ಷ ಮುಂಚೆ, ಆಂಧ್ರ ರಾಜ್ಯ ಹುಟ್ಟಿದ ದಿನವೇ. ಅಲ್ಲಿಯ ತನಕ ನಾವು ಮದ್ರಾಸಿನವರು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲೂಕು ಯಾರಿಗೆ ಅನ್ನುವುದಕ್ಕೆ ದೊಡ್ಡ ಎಳೆದಾಟ ನಡೆಯಿತು. ಕೊನೆಗೆ ಅದು ನಮ್ಮ ಕಡೆಗೆ ಬಂತು.

ಆ ಸಂಭ್ರಮಕ್ಕೆ ಊರಲ್ಲಿ ಚಪ್ಪರ ಹಾಕಿದ್ದರು. ಅದಕ್ಕೆ ಬೆಂಕಿ ಬೀಳಬಾರದು ಅಂತ ರಾತ್ರಿ ಕಾವಲು ಕೂತವರು ಪೈಲ್ವಾನ್ ರಂಜಾನ್ ಸಾಬ್. ಅವರ ಮೇಲೆ ಆಸಿಡ್ ಬಲ್ಬ್ ಎಸೆದರು. ಅವರು ಉಳಿಯಲಿಲ್ಲ. ಕನ್ನಡಕ್ಕಾಗಿ ಜೀವ ಕೊಟ್ಟವರ ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲಿ ಬರಬೇಕಾದ ಹೆಸರು. ನವೆಂಬರ್‌ನಲ್ಲಿ ಎಷ್ಟು ವೇದಿಕೆಗಳಲ್ಲಿ ಅವರ ಫೋಟೋ ಇರುತ್ತದೆ? ಬಳ್ಳಾರಿ ಬಿಟ್ಟರೆ ಬೇರೆ ಕಡೆ ನಾನು ನೋಡಿಲ್ಲ.

ಹುಬ್ಬಳ್ಳಿ ಓದುಗ

ಅದೇ 1953ರಲ್ಲಿ ನಮ್ಮ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ 23 ದಿನ ಉಪವಾಸ ಕೂತಿದ್ದರು. ಏಪ್ರಿಲ್ 19ಕ್ಕೆ ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆ ಇತ್ತು. ಏಕೀಕರಣ ತಡವಾಗುತ್ತಿದೆ ಅಂತ ಜನ ಸಿಟ್ಟಾಗಿ ಮುತ್ತಿದರು, ದೊಡ್ಡ ಗಲಭೆಯೇ ಆಯಿತು. ನಾಯಕರಿಗೆ ಬಿಸಿ ಮುಟ್ಟಿದ್ದು ಆ ದಿನ.

ಘಟ್ಟದ ಕೆಳಗೆ

ಎಲ್ಲರೂ ಗಂಡಸರ ಹೆಸರೇ ಹೇಳುತ್ತಿದ್ದೀರಿ. ನಾನು ಮಾವಿನಗುಂಡಿ ಹೇಳುತ್ತೇನೆ. ಸಿದ್ದಾಪುರ ತಾಲೂಕು, ಜೋಗದ ಹತ್ತಿರ, 1932.

ಮೊದಲು ಸ್ವಲ್ಪ ಹಿನ್ನೆಲೆ. 1930ರ ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ. ಎಂ.ಪಿ. ನಾಡಕರ್ಣಿಯವರ ಮುಂದಾಳತ್ವ. ಮೊದಲ ಉಪ್ಪಿನ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿ ಕೊಟ್ಟು ಕೊಂಡರು. ಆ ಕಾಲದ 30 ರೂಪಾಯಿ! ಆಮೇಲೆ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂದರು. ಸರ್ಕಾರ ಗದ್ದೆ, ತೋಟ, ದನ, ಮನೆಯ ಪಾತ್ರೆ ಎಲ್ಲಾ ಜಪ್ತಿ ಮಾಡಿ ಹರಾಜು ಹಾಕಿತು. ಕೊಂಡವರು ನಮ್ಮವರೇ, ಅಕ್ಕಪಕ್ಕದವರೇ.

ಗಂಡಸರು ಜೈಲಿನಲ್ಲಿದ್ದರು. ಆಗ ಹೆಂಗಸರು ಹೊರಟರು. ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಬಾಗಿಲಿಗೆ ಹೋಗಿ ಉಪವಾಸ ಕೂತರು. ಹೊಡೆಯಲಿಲ್ಲ, ಬಯ್ಯಲಿಲ್ಲ. ಕೊಂಡಿದ್ದನ್ನು ವಾಪಸ್ ಕೊಡಿ, ಅಲ್ಲಿಯ ತನಕ ಅನ್ನ ನೀರು ಮುಟ್ಟುವುದಿಲ್ಲ ಅಂದರು. ನಮ್ಮ ಕಡೆ ಮನೆ ಬಾಗಿಲಲ್ಲಿ ಹೆಣ್ಣುಮಗಳು ಹಸಿದು ಕೂತರೆ ಆ ಮನೆಯವರಿಗೆ ಒಳಗೆ ತುತ್ತು ಇಳಿಯುತ್ತದೆಯೇ? ಪೊಲೀಸರು ಬಂದು ಎತ್ತಿಕೊಂಡು ಹೋದರೆ ಇನ್ನೊಬ್ಬರು ಬಂದು ಕೂರುತ್ತಿದ್ದರು. ಹೊರಗೆ ಬರದೆ ಅಡುಗೆಮನೆ, ಕೊಟ್ಟಿಗೆಯಲ್ಲೇ ಇದ್ದ ಹೆಂಗಸರು ಇವರು. ಮಾವಿನಗುಂಡಿಯಲ್ಲಿ ಸ್ಮಾರಕ ಇದೆ. ಜೋಗ ನೋಡಲು ಹೋಗುವ ಬಸ್ಸು ಕಾರುಗಳೆಲ್ಲ ಅದರ ಪಕ್ಕದಲ್ಲೇ ಹಾದುಹೋಗುತ್ತವೆ. ಹತ್ತು ನಿಮಿಷ ನಿಲ್ಲಿಸಿ.

ಕಳೆದುಕೊಂಡ ಭೂಮಿ ವಾಪಸ್ ಬಂದಿದ್ದು ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ.

ಇತಿಹಾಸ ಟೀಚರ್

ಇದನ್ನು ಬರೆದಿದ್ದಕ್ಕೆ ಧನ್ಯವಾದ ಅಕ್ಕ. ಮುಂದಿನ ಪ್ರವಾಸಕ್ಕೆ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಮಾವಿನಗುಂಡಿ ಸೇರಿಸುತ್ತೇನೆ.

ಚಿನ್ನದ ಊರು

ಕೆಜಿಎಫ್‌ನಿಂದ. ನಮ್ಮೂರಿಗೆ ಕರೆಂಟ್ ಬಂದಿದ್ದು 1902ರ ಜೂನ್‌ನಲ್ಲಿ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ. ಇದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಆದರೆ ಆ ಕರೆಂಟ್ ಬಂದಿದ್ದು ಗಣಿಯ ಯಂತ್ರಗಳಿಗೆ, ಕೂಲಿ ಲೈನಿನ ಮನೆಗಳಿಗಲ್ಲ.

ನಾನು ಹೇಳಬೇಕೆಂದಿದ್ದು 1930ರ ಮುಷ್ಕರ. ಗಣಿ ಕಾರ್ಮಿಕರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂತ ಕಂಪನಿ ಹೇಳಿತು. ಅಪರಾಧಿಗಳಿಂದ ತೆಗೆದುಕೊಳ್ಳುವ ಹಾಗೆ ನಮ್ಮಿಂದ ಬೆರಳಚ್ಚು ಯಾಕೆ ಅಂತ ಕಾರ್ಮಿಕರು ಕೆಲಸ ನಿಲ್ಲಿಸಿದರು. 21 ದಿನ ಗಣಿ ನಿಂತಿತು. ಆಗ ಯೂನಿಯನ್ ಕೂಡ ಇರಲಿಲ್ಲ. ಕೊನೆಗೆ ಕಂಪನಿ ಬೆರಳಚ್ಚಿನ ಮಾತು ಕೈಬಿಟ್ಟಿತು. ಹೆಚ್ಚಿನವರು ತಮಿಳು ಮಾತಾಡುವ ದಲಿತ ಕಾರ್ಮಿಕರು. ಕರ್ನಾಟಕದ ಇತಿಹಾಸ ಅಂದಾಗ ಅವರೂ ಅದರೊಳಗೆ ಬರಬೇಕು ಅಲ್ವಾ?

ಸಾಗರದ ಕಡೆಯವ

ಖಂಡಿತ ಬರಬೇಕು. ಇಂಥದ್ದು ಬರಲಿ ಅಂತಲೇ ಈ ಚರ್ಚೆ.

ಎಲ್ಲಾ ಓದಿದ ಮೇಲೆ ನನಗೆ ಕಾಣುವುದು ಇಷ್ಟು. ಕೊಳಗ, ಕಂದಾಯದ ಚೀಟಿ, ಅಭಿವೃದ್ಧಿ ಕರದ ನೋಟಿಸು, ಹರಾಜಾದ ಪಾತ್ರೆ, ಬೆರಳಚ್ಚು. ದಿನಾ ಕಣ್ಣೆದುರು ಇರುವ ಒಂದು ವಸ್ತುವಿನಿಂದಲೇ ಜನ ಎದ್ದಿದ್ದಾರೆ. ದೊಡ್ಡ ನಾಯಕರು ಬಂದಿದ್ದು ಆಮೇಲೆ. ಲೋಹಿಯಾ ಬರುವ ಹೊತ್ತಿಗೆ ಕಾಗೋಡಿನ ಜನ ಎರಡು ತಿಂಗಳಿಂದ ಜೈಲಿಗೆ ಹೋಗಿ ಬರುತ್ತಿದ್ದರು.

ಹೊಳೆಸಾಲು

ಸಾಗರದವರೇ, ಒಂದು ವಿಷಯ ನೀವು ಬಿಟ್ಟಿದ್ದೀರಿ. ಗೇಣಿ ಹೋರಾಟಕ್ಕೂ ಭೂಸುಧಾರಣೆಗೂ ನಡುವೆ ಲಿಂಗನಮಕ್ಕಿ ಬಂತು. 1964ರಲ್ಲಿ ಶರಾವತಿ ತುಂಬಿದಾಗ ನೂರಾರು ಹಳ್ಳಿಗಳ ಜನ ಎದ್ದು ಹೋಗಬೇಕಾಯಿತು. ಭೂಮಿ ಯಾರ ಹೆಸರಲ್ಲಿತ್ತೋ ಅವರಿಗೆ ಪರಿಹಾರ. ತಲೆಮಾರುಗಳಿಂದ ಉತ್ತ ಗೇಣಿದಾರರಲ್ಲಿ ಎಷ್ಟೋ ಜನ ಬರಿಗೈಯಲ್ಲಿ ಲಾರಿ ಹತ್ತಿದರು. ಹತ್ತು ವರ್ಷ ತಡೆದಿದ್ದರೆ ಅವರೇ ಒಡೆಯರಾಗುತ್ತಿದ್ದರು. ಅವರನ್ನು ತಂದು ಬಿಟ್ಟ ಕಾಡಿನ ಜಾಗಕ್ಕೆ ಇಂದಿಗೂ ಹಲವರಿಗೆ ಹಕ್ಕುಪತ್ರ ಇಲ್ಲ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು, ಹಿನ್ನೀರಿನವರ ಲಾಂಚಿನ ಕಷ್ಟ ತೀರಿತು, ಸಂತೋಷ. ಆದರೆ ಹಕ್ಕುಪತ್ರದ ಕಡತ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ.

ಸಾಗರದ ಕಡೆಯವ

ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಬೇರೆಯೇ ಚರ್ಚೆ ಬೇಕು. ನೀವೇ ಶುರು ಮಾಡಿ, ನಾನು ಬರುತ್ತೇನೆ.

ಹೊಸನಗರ ಹುಡುಗ

ಒಂದು ಪ್ರಶ್ನೆ. ನಮ್ಮಜ್ಜನಿಗೆ ಗದ್ದೆ ಆಗಿದ್ದು "ಡಿಕ್ಲರೇಷನ್" ಕೊಟ್ಟಿದ್ದರಿಂದ ಅಂತ ಮನೆಯಲ್ಲಿ ಹೇಳುತ್ತಾರೆ. ಅದರ ದಾಖಲೆ ಈಗ ಸಿಗುತ್ತದೆಯಾ? ನಮ್ಮ ಮನೆಯ ಕಥೆಯನ್ನು ಬರೆದಿಡಬೇಕು ಅಂತಿದ್ದೇನೆ.

ಸಾಗರದ ಕಡೆಯವ

ಬರೆಯಲೇಬೇಕು ತಮ್ಮಾ. ಡಿಕ್ಲರೇಷನ್ ಅಂದರೆ 7ನೇ ನಂಬರ್ ಫಾರಂ. ಗೇಣಿದಾರರು ಅದನ್ನು ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಕೊನೆಯ ದಿನ ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಒಡೆಯರ ಮುಖ ನೋಡಿ ಫಾರಂ ಕೊಡದೆ ಉಳಿದವರೂ ತುಂಬಾ ಜನ ಇದ್ದಾರೆ. ನಿಮ್ಮಜ್ಜ ಕೊಟ್ಟರು ಅಂದರೆ ಅದಕ್ಕೂ ಧೈರ್ಯ ಬೇಕಿತ್ತು.

ಮೊದಲು ಸರ್ವೆ ನಂಬರ್ ಹಿಡಿದು ತಾಲೂಕು ಕಚೇರಿಯಲ್ಲಿ ಹಳೆಯ ಕೈಬರಹದ ಪಹಣಿಗೆ ಅರ್ಜಿ ಹಾಕಿ. 1974ಕ್ಕಿಂತ ಹಿಂದಿನ ವರ್ಷಗಳದ್ದನ್ನೂ ಕೇಳಿ. 9ನೇ ಕಾಲಂನಲ್ಲಿ ಒಡೆಯರ ಹೆಸರು, 12ನೇ ಕಾಲಂನಲ್ಲಿ ಉಳುವವರ ಹೆಸರು ಇರುತ್ತದೆ. ಅಲ್ಲಿ ಅಜ್ಜನ ಹೆಸರು ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಮ್ಯುಟೇಷನ್ ನಕಲು ತೆಗೆಸಿ, ಅದರಲ್ಲಿ ನ್ಯಾಯಮಂಡಳಿಯ ಕೇಸ್ ನಂಬರ್, ಆದೇಶದ ತಾರೀಕು ಸಿಗುವ ಸಾಧ್ಯತೆ ಜಾಸ್ತಿ. ಆ ನಂಬರ್ ಕೊಟ್ಟು ರೆಕಾರ್ಡ್ ರೂಮಿನಲ್ಲಿ ಆದೇಶದ ದೃಢೀಕೃತ ನಕಲು ಕೇಳಿ. ಕಡತದಲ್ಲಿ ಸಾಕ್ಷಿಗಳ ಹೇಳಿಕೆ ಇದ್ದರೆ ಅದನ್ನೂ ಬಿಡಬೇಡಿ. ಎಷ್ಟು ಗೇಣಿ ಕೊಡುತ್ತಿದ್ದರು, ಯಾರ ಎದುರು ಅಳೆಯುತ್ತಿದ್ದರು ಅನ್ನುವುದೆಲ್ಲ ಅದರಲ್ಲೇ ಇರುತ್ತದೆ. ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ, ಕಚೇರಿಗೆ ಹೋಗುವ ಮುಂಚೆ ಅವರ ಹತ್ತಿರ ಕೂತು ಮಾತಾಡಿಸಿ. ಸಿಕ್ಕಿದ್ದನ್ನು ಇಲ್ಲಿ ಹಾಕಿ.

ಹೊಸನಗರ ಹುಡುಗ

ಸರಿ ಅಣ್ಣ. ಸರ್ವೆ ನಂಬರ್ ಗೊತ್ತಿದೆ. ಸೋಮವಾರ ಹೋಗುತ್ತೇನೆ.